ಧರ್ಮಪ್ಪ ಮೇಷ್ಟ್ರ ಹರಳು

ಹಿತ್ತಲ ಮದ್ದು ಗಿಡವಲ್ಲ ಅಂತ ಒಂದು ಗಾದೆ ಇದೆ. ಹಿಂದುಮುಂದಾಯಿತು ಅನ್ನುತ್ತೀರಾ? ಆಗಲಿ ಬಿಡಿ. ಈ ಕತೆಯಲ್ಲಿ ಒಳಗಿರಬೇಕಾದದ್ದು ಹೊರಗೆ, ಹೊರಗಿರಬೇಕಾದದ್ದು ಒಳಗೆ ಆದದ್ದೇ ಹೆಚ್ಚು. ಗಾದೆಯೊಂದನ್ನು ನೆಟ್ಟಗೆ ನಿಲ್ಲಿಸಿ ಏನು ಪ್ರಯೋಜನ? ಕತೆ ಮಾತ್ರ ನಡೆದದ್ದು. ಸಾವಿರದ ಒಂಬೈನೂರ ಐವತ್ತೆಂಟನೇ ಇಸವಿಯ ಮಾಘಮಾಸದಲ್ಲಿ, ಶಿಕಾರಿಪುರದ ಒಂದು ಹೈಸ್ಕೂಲಿನಲ್ಲಿ ನಡೆದದ್ದು. ಇದರಲ್ಲಿ ಒಂದೇ ಒಂದು ಸುಳ್ಳಿದೆ. ಅದನ್ನು ಹೇಳಿದವನು ಉಚ್ಚಂಗಪ್ಪ. ಅದೂ ಬಾಯಿಂದಲ್ಲ, ಒಂದು ಚಿಟಿಕೆ ಉಪ್ಪಿನಿಂದ.

ಉಚ್ಚಂಗಪ್ಪ ಆ ಶಾಲೆಯ ಇತಿಹಾಸದ ಮೇಷ್ಟ್ರು, ಮೈಸೂರಿನಲ್ಲಿ ಬಿ.ಎ. ಮಾಡಿ ಬಂದವನು. ಅವನ ಗಂಟಲಲ್ಲಿ ಹತ್ತು ಜನ ಬಾಡಿಗೆಗಿದ್ದರು. ಹೆಡ್‌ಮಾಸ್ಟರು ಪರಮಶಿವಪ್ಪನವರು ಮಾತಿಗೊಮ್ಮೆ "ಆಂ?" ಅನ್ನುವುದು, ಸೊರಬದ ಬಸ್ಸಿನ ಕಂಡಕ್ಟರ್ ಯಲ್ಲಪ್ಪ "ರೈಟ್" ಅನ್ನುವ ಮುಂಚೆ ಮೂಗಿನಲ್ಲಿ ಶಂಖ ಊದುವುದು, ಎಲ್ಲವೂ ಅಲ್ಲಿ ಸಿದ್ಧವಿತ್ತು. ಒಮ್ಮೆ ಬಾಗಿಲ ಹಿಂದೆ ನಿಂತು ಹೆಡ್‌ಮಾಸ್ಟರ ಧ್ವನಿಯಲ್ಲಿ "ಇವತ್ತು ಅರ್ಧ ದಿನ ರಜ, ಆಂ?" ಅಂದು ಇಡೀ ಒಂಬತ್ತನೇ ಕ್ಲಾಸನ್ನು ಮನೆಗೆ ಕಳಿಸಿದ್ದ. ಪರಮಶಿವಪ್ಪನವರೂ ಅದನ್ನು ಕೇಳಿ, ತಾವೇ ಹೇಳಿ ಮರೆತಿರಬಹುದೆಂದು ಸುಮ್ಮನಾದರು.

ಇವನ ಗೆಳೆಯ ಧರ್ಮಪ್ಪ ಅದೇ ಶಾಲೆಯ ಸೈನ್ಸ್ ಮೇಷ್ಟ್ರು. ಇಬ್ಬರೂ ಮೈಸೂರಿನ ಒಂದೇ ಹಾಸ್ಟೆಲಿನಲ್ಲಿ, ತೂತು ಬಿದ್ದ ಒಂದೇ ಸೊಳ್ಳೆಪರದೆಯ ಕೆಳಗೆ ಓದಿದವರು. ಧರ್ಮಪ್ಪ ಮೊದಲಿನಿಂದಲೂ ಅಪರೂಪಕ್ಕೆ ನಗುವವನು. ನಕ್ಕರೆ ಮಾತ್ರ ಗಾಳಿ ಸೋರುವ ಹಾರ್ಮೋನಿಯಮ್ಮಿನ ಹಾಗೆ ನಗುವವನು. ಆರು ತಿಂಗಳಿಂದ ಆ ಹಾರ್ಮೋನಿಯಂ ಪೆಟ್ಟಿಗೆ ಸೇರಿತ್ತು.

ಕಾರಣ ಅವನ ಅಕ್ಕ ಹೂವಮ್ಮ. ತಾಯಿ ಸತ್ತ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಸೊರಬದ ಕಲ್ಲಪ್ಪನ ಕೈಹಿಡಿದು ಮೂರು ವರ್ಷಕ್ಕೆ ಅವಳಿಗೆ ಮೂರ್ಛೆರೋಗ ಅಂಟಿಕೊಂಡಿತು. ಬೇರೆಯವರ ಮೂರ್ಛೆ ಹೇಳದೆ ಬಂದರೆ, ಹೂವಮ್ಮನದು ಬಾಗಿಲು ತಟ್ಟಿ ಬರುತ್ತಿತ್ತು. ಮೊದಲು ನಗು. ಕಾರಣವಿಲ್ಲದ, ನಿಲ್ಲದ, ದೊಡ್ಡ ನಗು. ಅದರ ಹಿಂದೆಯೇ ಕೈಕಾಲು ಸೆಟೆದು ಧೊಪ್ಪನೆ ಬೀಳುವುದು. ಒಂದು ಸಲ ಒಲೆಯ ಮುಂದೆ ನಕ್ಕು, ಎಡಗೈ ಮೊಣಕೈತನಕ ಬೆಂದಿತ್ತು.

"ನಮ್ಮಕ್ಕ ನಗೋಕೆ ಶುರು ಮಾಡಿದ್ರೆ ನಮ್ಮನೇಲಿ ಯಾರೂ ನಗಲ್ಲ ಕಣೋ. ಭಾವ ಮೊದಲು ಬೆಂಕಿ ದೂರ ಸರಿಸ್ತಾರೆ. ಆಮೇಲೆ ಕಬ್ಬಿಣ ಹುಡುಕ್ತಾರೆ," ಎಂದು ಧರ್ಮಪ್ಪ ಹಾಸ್ಟೆಲಿನ ದಿನಗಳಲ್ಲೇ ಹೇಳಿದ್ದ. ಮೂರ್ಛೆ ಬಂದವರ ಕೈಗೆ ಬೀಗದ ಕೈ ಗೊಂಚಲು ಕೊಡುವುದು ಆ ಕಡೆಯ ಪದ್ಧತಿ.

"ನಗೆಯೇ ಹಗೆ ಅನ್ನು," ಎಂದಿದ್ದ ಉಚ್ಚಂಗಪ್ಪ. ಶ್ಲೇಷೆ ಸಿಕ್ಕಿದರೆ ಅವನು ಹೆಣದ ಮನೆಯಲ್ಲೂ ಬಿಡುವವನಲ್ಲ.

ಶಿವಮೊಗ್ಗದ ಡಾಕ್ಟರು ಕೊಟ್ಟ ಮಾತ್ರೆಯಿಂದ ಹೂವಮ್ಮ ಹಗಲೆಲ್ಲ ನಿದ್ದೆ ಮಾಡಿದಳು. ಎದ್ದಾಗ ಮೂರ್ಛೆಯೂ ಎದ್ದಿತು. ಕೊನೆಗೆ ಹಿಡಿದದ್ದು ಮೂಕಮ್ಮನ ಬೇರು. ಸೊರಬದಾಚೆ ಕಾಡಂಚಿನಲ್ಲಿದ್ದ ನಾಟಿ ಮದ್ದಿನ ಮುದುಕಿ ಮೂಕಮ್ಮ. ಕುಟ್ಟಿದ ಬೇರಿನ ಪುಡಿ, ಬೆಳಿಗ್ಗೆ ಒಂದು ಚಿಟಿಕೆ, ಜೇನಿನಲ್ಲಿ. ವಿಷದಂಥ ಕಹಿ. ಎಂಟು ವರ್ಷ ಹೂವಮ್ಮನಿಗೆ ಒಮ್ಮೆಯೂ ಮೂರ್ಛೆ ಬರಲಿಲ್ಲ. ತಮ್ಮನ ಜೊತೆ ಉಚ್ಚಂಗಪ್ಪನೂ ಒಂದು ಸಲ ಆ ಮುದುಕಿಯ ಗುಡಿಸಲಿಗೆ ಹೋಗಿದ್ದ. ಧರ್ಮಪ್ಪ ಕೈಮುಗಿದು ಕೇಳಿದ: "ಅಜ್ಜಮ್ಮಾ, ಇದು ಯಾವ ಬೇರು?"

"ಹೆಸರು ಹೇಳಿರೆ ಮದ್ದು ಸಾಯ್ತದೆ ತಮಾ," ಎಂದಳು ಮೂಕಮ್ಮ. ಒಣಗಿದ ತೊಗರಿಕಾಯಿ ಅಲುಗಿಸಿದಂಥ ಧ್ವನಿ. ಅದೊಂದು ಬಿಟ್ಟು ಬೇರೆಲ್ಲ ಹೇಳಿದಳು: ಸೊಸೆಯ ಸುದ್ದಿ, ಎಮ್ಮೆಯ ಸುದ್ದಿ, ಪಟೇಲರ ಮೂಲವ್ಯಾಧಿಯ ಸುದ್ದಿ. ಊರಿನ ಮಾತೆಲ್ಲ ಆಡುವ ಮೂಕಮ್ಮ ಬೇರಿನ ಹೆಸರಿಗೆ ಮಾತ್ರ ಮೂಕಮ್ಮ. ಆ ಧ್ವನಿ ಅಂದೇ ಉಚ್ಚಂಗಪ್ಪನ ಗಂಟಲಿಗೆ ಬಾಡಿಗೆಗೆ ಬಂತು.

ಆಷಾಢದಲ್ಲಿ ಮೂಕಮ್ಮ ಸತ್ತಳು. ಮದ್ದು ಸಾಯಬಾರದೆಂದು ಹೆಸರು ಬಚ್ಚಿಟ್ಟವಳು ಮದ್ದನ್ನೂ ಜೊತೆಗೇ ಕರೆದುಕೊಂಡು ಹೋದಳು. ಮಕ್ಕಳಿಗೂ ಹೇಳಿರಲಿಲ್ಲ. ಗುಡಿಸಲಲ್ಲಿ ಉಳಿದದ್ದು ಹೂವಮ್ಮನ ಹೆಸರಿನಲ್ಲಿ ಎತ್ತಿಟ್ಟಿದ್ದ ಒಂದು ಗಂಟು ಪುಡಿ. ಎರಡು ವರ್ಷಕ್ಕೆ ಬಂದೀತು. ಆಮೇಲೆ?

ಆ "ಆಮೇಲೆ" ಧರ್ಮಪ್ಪನ ಬೆನ್ನು ಹತ್ತಿತು. ಕಾಡಿನಲ್ಲಿ ಸಿಕ್ಕಸಿಕ್ಕ ಬೇರು ಕಿತ್ತು ತಂದು ಪುಡಿಯ ಪಕ್ಕದಲ್ಲಿಟ್ಟು ನೋಡಿದ. ಪುಡಿಯಾದ ಮೇಲೆ ಎಲ್ಲ ಬೇರೂ ಒಂದೇ. ಬೆಂಗಳೂರಿನ ಪ್ರೊಫೆಸರೊಬ್ಬರಿಗೆ ಪತ್ರ ಬರೆದ. ಅವರು ನಾಲ್ಕೇ ಸಾಲಿನಲ್ಲಿ ಉತ್ತರ ಕೊಟ್ಟರು: ಪುಡಿ ಕಳಿಸಬೇಡಿ, ಅದರಲ್ಲಿ ನೂರು ಪದಾರ್ಥ ಇರುತ್ತವೆ. ಕೆಲಸ ಮಾಡುವ ಪದಾರ್ಥವನ್ನು ಬೇರೆ ಮಾಡಿ, ಶುದ್ಧ ಮಾಡಿ, ಹರಳಿನ ರೂಪದಲ್ಲಿ ಒಂದು ಚಿಟಿಕೆ ಕಳಿಸಿ. ಅದೇನೆಂದು ಹೇಳಬಲ್ಲೆ, ದೇವರು ದೊಡ್ಡವನಾದರೆ ಅಂಥದ್ದನ್ನು ತಯಾರಿಸಲೂಬಹುದು.

ಒಂದು ಚಿಟಿಕೆ ಹರಳು. ಹೂವಮ್ಮನ ಜೀವ ಅಷ್ಟರಲ್ಲಿತ್ತು.

ಹೈಸ್ಕೂಲಿನ ಪ್ರಯೋಗಶಾಲೆ ಎಂದರೆ ಎರಡು ಮೇಜು, ಒಂದು ಬೀರು, ಮುಕ್ಕಾದ ಒಂದು ತೊಟ್ಟಿ. ತೊಟ್ಟಿಯ ನೀರು ಗೋಡೆಯ ತೂತಿನಿಂದ ಹಿತ್ತಲಿಗೆ ಬಿದ್ದು, ಅಲ್ಲಿ ತಾನಾಗಿ ಹುಟ್ಟಿದ ಒಂದು ಹರಳುಗಿಡದ ಬುಡಕ್ಕೆ ಹೋಗುತ್ತಿತ್ತು. ಹೂಂ, ಹರಳೆಣ್ಣೆಯ ಹರಳು. ಅದನ್ನು ನೋಡಿದಾಗಲೆಲ್ಲ ಉಚ್ಚಂಗಪ್ಪ, "ಯಾಕೋ ಒಳಗೆ ಒದ್ದಾಡ್ತೀಯ? ಹೊರಗೆ ಗೊಂಚಲು ಗೊಂಚಲು ಹರಳು ಬಿಟ್ಟೈತೆ, ಕಿತ್ತು ಕಳಿಸು ಬೆಂಗಳೂರಿಗೆ," ಅನ್ನುವನು. ಧರ್ಮಪ್ಪ ನಗುತ್ತಿರಲಿಲ್ಲ.

ಶಾಲೆ ಬಿಟ್ಟ ಮೇಲೆ ದಿನಾ ಸಂಜೆ ಅವನದು ಅದೇ ಕೆಲಸ. ಪುಡಿಯನ್ನು ಸ್ಪಿರಿಟ್ಟಿನಲ್ಲಿ ವಾರಗಟ್ಟಲೆ ನೆನೆಹಾಕುವುದು. ಸೋಸಿ, ಬಿಸಿನೀರಿನ ಮೇಲಿಟ್ಟು ಸ್ಪಿರಿಟ್ಟನ್ನು ಆರಿಸಿದರೆ ಜೋನಿಬೆಲ್ಲದಂಥ ಪಾಕ ಉಳಿಯುತ್ತದೆ. ಅದಕ್ಕೆ ತೆಳ್ಳನೆಯ ಆಮ್ಲ ಹಾಕಿದರೆ ಅಂಟು, ಬಣ್ಣ ಒಂದಿಷ್ಟು ತಳ ಸೇರುತ್ತವೆ, ಮದ್ದು ಮಾತ್ರ ನೀರಿಗೆ ಬರುತ್ತದೆ. ಮತ್ತೆ ಕ್ಷಾರ ಹಾಕಿ, ಕ್ಲೋರೋಫಾರಂ ಸುರಿದು, ನಲ್ಲಿಯಿರುವ ಗಾಜಿನ ಬುರುಡೆಯಲ್ಲಿ ಕುಲುಕುವುದು. ಗಳಿಗೆ ಹೊತ್ತು ಬಿಟ್ಟರೆ ಎರಡು ಪದರ: ಮೇಲೆ ನೀರು, ಕೆಳಗೆ ಕ್ಲೋರೋಫಾರಂ, ಮದ್ದು ನೀರನ್ನು ತೊರೆದು ಕೆಳಗಿಳಿದಿರುತ್ತದೆ. ನಲ್ಲಿ ತಿರುಗಿಸಿ ಕೆಳಗಿನದನ್ನಷ್ಟೇ ಬಿಟ್ಟುಕೊಳ್ಳಬೇಕು. ಒಂದು ಹನಿ ಹೆಚ್ಚಾದರೆ ಹೊಲಸು ಬಂತು; ಒಂದು ಹನಿ ಕಡಿಮೆಯಾದರೆ ಅಕ್ಕನ ಒಂದು ದಿನ ಹೋಯಿತು.

"ಬೇರನ್ನ ಬೇರೆ ಮಾಡೋದು. ಎಷ್ಟು ಸಲೀಸು ಕನ್ನಡದಲ್ಲಿ!" ಎಂದ ಒಂದು ದಿನ ಉಚ್ಚಂಗಪ್ಪ, ಸ್ಟೂಲಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತ.

"ಅಲುಗಾಡಿಸಬೇಡ್ವೋ ಮೇಜನ್ನ."

"ಅಲ್ಲಯ್ಯ, ನಮ್ಮ ತಾಳಗುಂದದ ಶಾಸನದ ಕಲ್ಲಿನ ಮೇಲೆ ಬರೆದಿದ್ದನ್ನೇ ಓದಿಬಿಟ್ರು, ನಿಂದೊಂದು ಬೇರು..."

"ಅದನ್ನ ಬರೆದವರು ಓದಲಿ ಅಂತ ಬರೆದಿದ್ರು. ಇದನ್ನ ಮಾಡಿದವನು ಹಂಗೆ ಮಾಡಿಲ್ಲ," ಎಂದ ಧರ್ಮಪ್ಪ ಕಣ್ಣು ತೆಗೆಯದೆ.

ಎಲ್ಲ ಆದರೂ ಒಂದು ಹಳದಿ ಬಣ್ಣ ಬಿಡದೆ ಬರುತ್ತಿತ್ತು. ಹಳದಿ ಎಂದರೆ ಎಣ್ಣೆಯಂಥ, ಜಿಗುಟಾದ, ಹರಳುಗಟ್ಟಲು ಬಿಡದ ಹಳದಿ. ಅದನ್ನು ಓಡಿಸಲು ಧರ್ಮಪ್ಪ ಶಾಲೆಯ ಸೀಮೆಸುಣ್ಣದ ಕಡ್ಡಿಗಳನ್ನು ಅರೆದು, ಬ್ಯೂರೆಟ್ಟಿನ ಗಾಜಿನ ಕೊಳವೆಗೆ ತುಂಬಿ, ಮೇಲಿನಿಂದ ಮದ್ದಿನ ದ್ರವ ಇಳಿಬಿಟ್ಟ. ಸುಣ್ಣದ ಕಂಬದಲ್ಲಿ ಬಣ್ಣಗಳು ಸೀರೆಯ ಪಟ್ಟಿಯ ಹಾಗೆ ಬೇರೆಬೇರೆಯಾಗಿ ಇಳಿದವು. ಮೇಲೆ ಕಂದು, ಕೆಳಗೆ ಹಸುರು. ಹಳದಿ ಮಾತ್ರ ಮದ್ದಿನ ಕೈಹಿಡಿದುಕೊಂಡೇ ಕೆಳಗೆ ಬಂತು. ಸುಣ್ಣವೆಲ್ಲ ಕೊಳವೆ ಸೇರಿ, ಬೋರ್ಡಿನ ಮೇಲೆ ಬರೆಯಲು ಕಡ್ಡಿ ಇಲ್ಲದೆ, "ಧರ್ಮಪ್ಪನೋರೆ, ಬೋರ್ಡ್ ಮೇಲೆ ಉಗುರಲ್ಲಿ ಕೆರೀಲೇನ್ರಿ, ಆಂ?" ಎಂದರು ಪರಮಶಿವಪ್ಪನವರು.

ಗಂಟಿನ ಅರ್ಧ ಪುಡಿ ಹೀಗೆ ಐದು ತಿಂಗಳಲ್ಲಿ ಗಾಡಿಯ ಕೀಲೆಣ್ಣೆಯಂಥ ಜಿಗುಟಾಗಿ ಕೂತಿತು. ಸಂಕ್ರಾಂತಿಗೆ ಧರ್ಮಪ್ಪ ಸೊರಬಕ್ಕೆ ಹೋಗಿ ಇನ್ನೊಂದು ಪೊಟ್ಟಣ ತಂದ. ತಂದದ್ದು ಉಚ್ಚಂಗಪ್ಪನಿಗೆ ಗೊತ್ತಿತ್ತು. ಅದು ಉಳಿದ ಅರ್ಧದಲ್ಲಿ ಮಿಕ್ಕಿದ್ದೆಲ್ಲ ಎಂದು, ಹೂವಮ್ಮ ತನಗೆಂದು ಇಟ್ಟುಕೊಂಡದ್ದು ನಶ್ಯದ ಡಬ್ಬಿಯಲ್ಲಿ ಹಿಡಿಯುವಷ್ಟೇ ಎಂದು ಗೊತ್ತಿರಲಿಲ್ಲ. ಧರ್ಮಪ್ಪ ಹೇಳಲಿಲ್ಲ, ಉಚ್ಚಂಗಪ್ಪ ಕೇಳಲಿಲ್ಲ. ಹತ್ತು ಜನರ ಧ್ವನಿ ಬಲ್ಲವನಿಗೆ ಎದುರಿಗಿದ್ದವನ ಮೌನ ಅರ್ಥವಾಗಲಿಲ್ಲ.

ಈ ಸಲ ದ್ರವ ಮೊದಲಿಗಿಂತ ತಿಳಿಯಾಗಿ ಬಂತು. ಕೊನೆಯದನ್ನು ಬೆಚ್ಚಗಿನ ಸ್ಪಿರಿಟ್ಟಿನಲ್ಲಿ ಕರಗಿಸಿ, ಪಿಂಗಾಣಿ ಬಟ್ಟಲಿಗೆ ಹಾಕಿ, ಮೇಲೊಂದು ಕಾಗದ ಮುಚ್ಚಿ ಕಿಟಕಿಯ ಕಟ್ಟೆಯಲ್ಲಿಟ್ಟ. ತಣ್ಣಗಾಗುತ್ತ, ಆರುತ್ತ, ಮನಸ್ಸಿದ್ದರೆ ಹರಳು ಕಟ್ಟುತ್ತದೆ. ಒಂದು ದಿನವಾಯಿತು. ಎರಡು ದಿನವಾಯಿತು. ಗಾಜಿನ ಕಡ್ಡಿಯಿಂದ ಬಟ್ಟಲಿನ ಒಳಮೈ ಮೆಲ್ಲಗೆ ಕೆರೆದ. ಹಾಗೆ ಕೆರೆದರೆ ಹರಳು ಹುಟ್ಟುವುದುಂಟಂತೆ. ಐದನೇ ದಿನ ಶನಿವಾರ. ಮಧ್ಯಾಹ್ನ ಶಾಲೆ ಬಿಟ್ಟಿತ್ತು. ಧರ್ಮಪ್ಪ ಕಿಟಕಿಯ ಮುಂದೆ ಕೂಸಿನ ತೊಟ್ಟಿಲು ಕಾಯುವವನ ಹಾಗೆ ಕೂತಿದ್ದ.

"ಊಟಕ್ಕೆ ನಡೆಯೋ," ಎಂದ ಉಚ್ಚಂಗಪ್ಪ.

"ಬರಲ್ಲ."

"ಬಟ್ಟಲು ಓಡಿಹೋಗಲ್ಲ."

"ಹರಳು ಬರೋದೂ ಇಲ್ಲ ಅನ್ಸುತ್ತೆ ಕಣೋ," ಎಂದ ಧರ್ಮಪ್ಪ. ಉಚ್ಚಂಗಪ್ಪ ಅವನ ಮುಖವನ್ನೇ ನೋಡಿದ. ಈ ಮುಖವನ್ನು ಒಂದು ಸಲ, ಒಂದೇ ಒಂದು ಸಲ ನಗಿಸಬೇಕು. ಅವನಿಗೆ ಗೊತ್ತಿದ್ದ ಮದ್ದು ಅದೊಂದೇ.

ಕೈಕಾಲು ತೊಳೆಯಲು ಧರ್ಮಪ್ಪ ಬಾವಿಕಟ್ಟೆಗೆ ಹೋದ. ಉಚ್ಚಂಗಪ್ಪ ಬೀರು ತೆರೆದ. ಹೈಸ್ಕೂಲಿನ ರಸಾಯನ ಅವನಿಗೂ ಒಂದಿಷ್ಟು ನೆನಪಿತ್ತು: ಮೆಗ್ನೀಸಿಯಂ ಸಲ್ಫೇಟು, ಅಂದರೆ ಆಸ್ಪತ್ರೆಯಲ್ಲಿ ಹೊಟ್ಟೆ ಕಟ್ಟಿದವರಿಗೆ ಕೊಡುವ ಭೇದಿ ಉಪ್ಪು. ಸೂಜಿಯಂಥ ಬಿಳಿ ಹರಳು. ನಾಲಿಗೆಗೆ ಕಹಿ. ಸ್ಪಿರಿಟ್ಟಿನಲ್ಲಿ ಕರಗುವುದಿಲ್ಲ. ದೇವರೇ ಕೀಟಲೆಗೆಂದು ಮಾಡಿಟ್ಟ ಪದಾರ್ಥ. ಕಾಗದ ಎತ್ತಿ, ಒಂದು ಚಿಟಿಕೆ ಬಟ್ಟಲಿನ ಅಂಚಿಗುಂಟ ಉದುರಿಸಿ, ಕಾಗದ ಮುಚ್ಚಿದ. ನಾಳೆ ಇವನು ನೋಡಿ ಕುಣಿಯುತ್ತಾನೆ, ನಾಲಿಗೆಗೆ ಇಟ್ಟು ನೋಡುತ್ತಾನೆ, ಆಗ ಬಾಗಿಲ ಹಿಂದಿನಿಂದ ಮೂಕಮ್ಮನ ಧ್ವನಿಯಲ್ಲಿ, "ರಹಸ್ಯ ಭೇದಿಸಿದಿ ತಮಾ, ಇನ್ನು ಭೇದಿಗೆ ಓಡು!" ಅನ್ನಬೇಕು. ಮಾತು ಆಗಲೇ ಬಾಯಲ್ಲಿ ನೀರೂರಿಸುತ್ತಿತ್ತು.

ಆದರೆ ಭಾನುವಾರ ಬೆಳಿಗ್ಗೆ ಪರಮಶಿವಪ್ಪನವರು, "ಒಂಬತ್ತನೇ ಕ್ಲಾಸಿನೋರು ಅಂಜನಾಪುರದ ಅಣೆಕಟ್ಟು ನೋಡ್ಬೇಕಂತೆ, ನೀವು ಕರ್ಕಂಡು ಹೋಗ್ರಿ, ಆಂ?" ಎಂದರು. ಈ ಸಲ ಅದು ನಿಜವಾದ ಹೆಡ್‌ಮಾಸ್ಟರ ಧ್ವನಿ. ಉಚ್ಚಂಗಪ್ಪ ನೀರು ನೋಡಿದ, ಹುಡುಗರಿಗೆ ಯಲ್ಲಪ್ಪನ ಶಂಖ ಊದಿ ತೋರಿಸಿದ, ಬಿಸಿಲಿಗೆ ಬೆಂದು ಮನೆಗೆ ಬಂದು ಮಲಗಿದ.

ಸೋಮವಾರ ಬೆಳಿಗ್ಗೆ ಶಾಲೆಯ ಗೇಟಿನಲ್ಲೇ ಅವನಿಗೆ ಹಾರ್ಮೋನಿಯಂ ಕೇಳಿಸಿತು.

ಧರ್ಮಪ್ಪ ನಗುತ್ತಿದ್ದ. ಪ್ರಯೋಗಶಾಲೆಯ ತುಂಬ ನಗುತ್ತಿದ್ದ. ಗೆಳೆಯನನ್ನು ಕಂಡವನೇ ಓಡಿಬಂದು ತಬ್ಬಿಕೊಂಡ. "ಬಂತು ಕಣೋ! ಹರಳು ಬಂತು! ನಿನ್ನೆ ಬಂದು ಕಾಗದ ತೆಗೀತೀನಿ, ಸೂಜಿ ಸೂಜಿ! ನಾಲಿಗೆಗೆ ಇಟ್ಟೆ, ಕಹಿ! ಅಕ್ಕಂಗೆ ಆಗಲೇ ಹೇಳಿಕಳಿಸ್ದೆ. ಯಲ್ಲಪ್ಪನ ಬಸ್ಸು ನಿನ್ನೆ ಮಧ್ಯಾಹ್ನ ಹೊರಟಿತ್ತಲ್ಲ, ಓಡಿಹೋಗಿ ಹೇಳ್ದೆ: ಹರಳು ಸಿಕ್ತು, ಇನ್ನು ಹೆದರಬೇಡಿ ಅನ್ನಪ್ಪಾ ನಮ್ಮಕ್ಕಂಗೆ ಅಂತ."

ಬಾಗಿಲ ಹಿಂದೆ ಹೇಳಬೇಕೆಂದಿದ್ದ ಮಾತನ್ನು ಉಚ್ಚಂಗಪ್ಪ ಬಾಗಿಲ ಹಿಂದೆಯೇ ಬಿಟ್ಟ. ಬಟ್ಟಲಿಗಾಗಿ ಕಿಟಕಿಯ ಕಡೆ ನೋಡಿದ. ಬಟ್ಟಲು ಮೇಜಿನ ಮೇಲೆ ತೊಳೆದು ಬೋರಲು ಹಾಕಿತ್ತು. ಸೋಸುಕಾಗದದ ಮೇಲೆ ಬಿಳಿಯ ಒಂದು ಚಿಟಿಕೆ ಒಣಗುತ್ತಿತ್ತು.

"ಆ ಹಳದಿ... ಹಳದಿ ನೀರು ಎಲ್ಲಿ?" ಎಂದ.

"ಹಾಳಾಗಿ ಹೋಗ್ಲಿ ಅದು! ಹರಳು ಸೋಸಿಕೊಂಡೆ, ತಣ್ಣನೆ ಸ್ಪಿರಿಟ್ಟಲ್ಲಿ ಮೂರು ಸಲ ತೊಳೆದೆ, ಆ ಹಳದಿ ಶನೀನ ನನ್ನ ಕೈಯಾರೆ ತೊಟ್ಟಿಗೆ ಸುರಿದು ಎರಡು ಕೊಡ ನೀರು ಹಾಕ್ದೆ. ಆರು ತಿಂಗಳು ಕಾಡಿಸ್ತಲ್ಲೋ!" ಮತ್ತೆ ಹಾರ್ಮೋನಿಯಂ. "ಕಾಲೇಜಲ್ಲಿ ಹೇಳ್ತಿದ್ರು ನೋಡು, ಹರಳು ಎಷ್ಟು ಬಿಸಿಗೆ ಕರಗುತ್ತೆ ಅಂತ ನೋಡೋ ತನಕ ಹರಳು ಬಿಟ್ಟು ಉಳಿದ ತಾಯಿದ್ರವ ಚೆಲ್ಲಬೇಡಿ, ತಾಯಿನ ಹೊರಗೆ ಹಾಕಿದೋನು ಉದ್ಧಾರ ಆಗಲ್ಲ ಅಂತ. ನಾನು ಚೆಲ್ಲಿಯೇಬಿಟ್ಟೆ! ಖುಷಿಗೆ ಬುದ್ಧಿ ಇರುತ್ತೇನೋ? ಬಾ, ಈಗ ಕರಗಿಸಿ ನೋಡೋಣ. ಬೆಂಗಳೂರಿಗೆ ಬರೆಯೋಕೆ ಬೇಕು."

ಕೂದಲಿನಷ್ಟು ಸಣ್ಣ ಗಾಜಿನ ನಳಿಕೆಯಲ್ಲಿ ಎರಡು ಕಾಳು ಹಾಕಿ, ಥರ್ಮಾಮೀಟರಿಗೆ ಕಟ್ಟಿ, ಎಣ್ಣೆಯಲ್ಲಿ ಮುಳುಗಿಸಿ ದೀಪ ಹಚ್ಚಿದ. ಉಚ್ಚಂಗಪ್ಪ ಸ್ಟೂಲಿನ ಮೇಲೆ ಕೂತ. ಕಾಲು ಅಲ್ಲಾಡಲಿಲ್ಲ. ಈಗ ಹೇಳಬೇಕು. ಈಗ ಹೇಳಿಬಿಡಬೇಕು. ನೂರು ಡಿಗ್ರಿ. ಒಳಗೆ ಒಂದಿಷ್ಟು ತೇವ ಆಡಿದಂತಾಯಿತು. ನೂರೈವತ್ತು. ಕಾಳು ಒಣಗಿ ಬೆಳ್ಳಗೆ ಪುಡಿಯಾಯಿತು. ಇನ್ನೂರು. ಕರಗಲಿಲ್ಲ. ಎಣ್ಣೆ ಹೊಗೆಯಾಡತೊಡಗಿತು.

ಧರ್ಮಪ್ಪನ ನಗು ನಿಂತಿತ್ತು. ತಗಡಿನ ಒಂದು ಮುಚ್ಚಳ ತೆಗೆದುಕೊಂಡ, ಅದರ ಮೇಲೆ ನಾಲ್ಕು ಹರಳು ಇಟ್ಟು ನೇರ ಬೆಂಕಿಗೆ ಹಿಡಿದ. ಗಿಡದಿಂದ ಬಂದದ್ದು ಸುಟ್ಟರೆ ಕಪ್ಪಾಗಬೇಕು. ಬೆಲ್ಲ ಕಪ್ಪಾಗುತ್ತದೆ, ಅಕ್ಕಿ ಕಪ್ಪಾಗುತ್ತದೆ, ಮನುಷ್ಯನೂ ಕಪ್ಪಾಗುತ್ತಾನೆ. ಅದು ಬೆಳ್ಳಗೇ ಉಳಿಯಿತು.

"ಇದು ಬೇರಿಂದಲ್ಲ," ಎಂದ ಧರ್ಮಪ್ಪ ಮೆಲ್ಲಗೆ. "ಇದು ಉಪ್ಪು."

"ಧರ್ಮಾ," ಎಂದ ಉಚ್ಚಂಗಪ್ಪ. ಹತ್ತು ಧ್ವನಿಗಳಲ್ಲಿ ಒಂದೂ ನೆರವಿಗೆ ಬರಲಿಲ್ಲ. ಬಂದದ್ದು ಅವನದೇ, ತೆಳ್ಳನೆಯ, ಅವನಿಗೇ ಅಪರಿಚಿತವಾದ ಧ್ವನಿ. "ನಾನೇ ಹಾಕಿದ್ದು. ಶನಿವಾರ. ನಿನ್ನ ನಗಿಸೋಕೆ. ಪುಡಿ ಇನ್ನೂ ಐತಲ್ಲ, ಮತ್ತೆ ಮಾಡಿದ್ರಾಯ್ತು..."

"ಇಲ್ಲ."

"ಅಕ್ಕನ ಹತ್ರ..."

"ನಶ್ಯದ ಡಬ್ಬೀಲಿ ಎಂಟು ಹತ್ತು ದಿನದ್ದು ಐತೆ. ಅಷ್ಟೇ. ಉಳಿದಿದ್ದೆಲ್ಲ ಈ ಬಟ್ಟಲಲ್ಲಿತ್ತು."

ಧರ್ಮಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಬಾಗಿಲು ದಾಟಿ, ಸುತ್ತು ಹಾಕಿ ಹಿತ್ತಲಿಗೆ ಹೋದ. ಗೋಡೆಯ ತೂತಿನ ಕೆಳಗೆ, ಹರಳುಗಿಡದ ಬುಡದಲ್ಲಿ ಮಂಡಿಯೂರಿ ಕೂತು, ಎರಡೂ ಕೈಯಿಂದ ಕೆಸರು ಬಾಚಿ ಬಕೆಟ್ಟಿಗೆ ತುಂಬತೊಡಗಿದ. ಉಚ್ಚಂಗಪ್ಪನೂ ಪಕ್ಕದಲ್ಲಿ ಕೂತು ಬಾಚಿದ. ಪಾಠದ ಗಂಟೆ ಹೊಡೆಯಿತು. ಹುಡುಗರು ಕಿಟಕಿಗೆ ಮುತ್ತಿ ನೋಡಿದರು, ಇಬ್ಬರು ಮೇಷ್ಟ್ರುಗಳು ಚರಂಡಿ ಬಗೆಯುತ್ತಿರುವುದನ್ನು. ಎರಡು ಕೊಡ ನೀರಿನ ಜೊತೆ ಭೂಮಿಗಿಳಿದದ್ದನ್ನು ಯಾವ ಬುರುಡೆಯಲ್ಲಿ ಕುಲುಕಿದರೆ ಮೇಲೆ ಬಂದೀತು? ಆದರೂ ಮಂಗಳವಾರ ಇಡೀ ಕೆಸರನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಸೋಸಿ, ಆರಿಸಿ ನೋಡಿದರು. ಬಟ್ಟಲಲ್ಲಿ ಉಳಿದದ್ದು ಇಪ್ಪತ್ತು ವರ್ಷಗಳಿಂದ ಹುಡುಗರು ಚೆಲ್ಲಿದ ಮಸಿ, ಮೈಲುತುತ್ತ, ಮಣ್ಣು. ಧರ್ಮಪ್ಪ ಬೆರಳು ಅದ್ದಿ ನಾಲಿಗೆಗೆ ಇಟ್ಟ. ಕಹಿಯೂ ಇರಲಿಲ್ಲ.

ಹಿತ್ತಲ ಗಿಡಕ್ಕೇ ಮದ್ದು ಹೋಗಿತ್ತು. ಗೊಂಚಲು ಮಾತ್ರ ಎಂದಿನಂತೆ ತೂಗುತ್ತಿತ್ತು.

ಬುಧವಾರ ಇಬ್ಬರೂ ಯಲ್ಲಪ್ಪನ ಬಸ್ಸು ಹತ್ತಿದರು. "ಹೇಳೋದು ನಾನು," ಎಂದಿದ್ದ ಉಚ್ಚಂಗಪ್ಪ. ಧರ್ಮಪ್ಪ ಕಿಟಕಿಯ ಆಚೆ ನೋಡುತ್ತಿದ್ದ. ಯಲ್ಲಪ್ಪ ಟಿಕೆಟು ಹರಿಯುತ್ತ, "ಮೇಷ್ಟ್ರೇ, ಭಾನುವಾರವೇ ಹೇಳ್ದೆ ನೋಡ್ರಿ ನಿಮ್ಮಕ್ಕೋರಿಗೆ, ಹರಳಂತೆ, ಹೆದರಬ್ಯಾಡ್ರಂತೆ ಅಂತ. ಅವರ ಮಖ ನೋಡ್ಬೇಕಿತ್ತು ನೀವು!" ಎಂದ. ಶಂಖ ಊದಿ "ರೈಟ್" ಎಂದ. ಉಚ್ಚಂಗಪ್ಪನಿಗೆ ಆ ಧ್ವನಿ ಕೇಳಲಾಗಲಿಲ್ಲ.

ಸೊರಬದಲ್ಲಿ ಕಲ್ಲಪ್ಪನ ಮನೆಯ ಜಗಲಿ ಮೇಲೆ ಹೂವಮ್ಮ ಕೂತಿದ್ದಳು. ತಲೆಯಿಂದ ಎಣ್ಣೆ ಇಳಿಯುತ್ತಿತ್ತು. ಹಣೆ, ಕಿವಿ, ಸುಟ್ಟ ಎಡಗೈ ಎಲ್ಲ ಎಣ್ಣೆಯಲ್ಲಿ ಮಿಂದಿದ್ದವು. ಕಲ್ಲಪ್ಪ ಪಕ್ಕದಲ್ಲಿ ಕೂತು ಅಡಕೆ ಕತ್ತರಿಸುತ್ತಿದ್ದ.

"ಬಾ ತಮಾ! ಬರ್ರಿ ಮೇಷ್ಟ್ರೇ!" ಎಂದಳು ಹೂವಮ್ಮ. "ಎಂತ ಮಾರಾಯ ನೀನು, ಆರು ತಿಂಗ್ಳು ಕಣ್ಣು ಕಳಕಂಡು ಕೊನೆಗೆ ಹರಳು ಅಂತ ಕಂಡುಹಿಡದ್ಯಲ! ನಮ್ಮ ಹಿತ್ಲಲ್ಲೇ ಇತ್ತಲ್ಲೋ!"

ಧರ್ಮಪ್ಪ ನಿಂತಲ್ಲೇ ನಿಂತ.

"ಯಲ್ಲಪ್ಪ ಹೇಳಿದ್ದೇ ಸೈ," ಎಂದ ಕಲ್ಲಪ್ಪ. "ಹರಳು ಸಿಕ್ತಂತೆ ಅಂದ. ಮೂಕಜ್ಜಿ ಬೇರು ಹರಳಿನ ಬೇರೇ ಇರ್ಬೇಕು ಅಂತ ನಾವು ತಿಳಕಂಡ್ವಿ. ಹಿತ್ಲಲ್ಲಿ ಅಗದು ಬೇರು ಕುಟ್ಟಿ ಇವ್ಳಿಗೆ ಕೊಟ್ಟೆ. ತಲಿಗೆ ಹರಳೆಣ್ಣೆ. ತಂಪಾಗ್ತದೆ ಅಂತ."

"ಅಕ್ಕಾ," ಎಂದ ಧರ್ಮಪ್ಪ. "ಡಬ್ಬೀಲಿದ್ದ ಪುಡಿ?"

"ಅದನ್ಯಾಕೆ ಕೇಳ್ತೀಯ? ನಮ್ಮ ಪಕ್ಕದ್ಮನೆ ದುರುಗಮ್ಮನ ಮಗೂಗೆ ಮೂರ್ಛೆ ಬರ್ತಿತ್ತಲ್ಲ. ಇನ್ನು ನಂಗ್ಯಾಕೆ, ಹಿತ್ಲ ತುಂಬ ಹರಳದೆ ಅಂತ, ಭಾನುವಾರ ಸಂಜಿಗೇ ಡಬ್ಬಿ ಸಮೇತ ಕೊಟ್ಬಿಟ್ಟೆ. ಮಗು ಜೇನಲ್ಲಿ ಉಂಡು ಮುಗಿಸ್ತು ಅಂತ ದುರುಗಮ್ಮ ನಿನ್ನೆ ಹೇಳಿದ್ಲು. ಅಷ್ಟು ದಿನದ್ದು ಎರಡೇ ದಿನಕ್ಕೆ ಕೊಟ್ಟಳಾ ಅಂತ ಬೈದೆ. ಮಗು ಮಾತ್ರ ಚಲೋ ನಿದ್ದೆ ಮಾಡ್ತು ಅಂದ್ಲು."

ಸೋಮವಾರ, ಮಂಗಳವಾರ, ಬುಧವಾರ ಎಂದು ಮದ್ದು ತಪ್ಪಿದ ದಿನಗಳಿಗೆ ಧರ್ಮಪ್ಪ ಬೆರಳು ಮಡಿಚುವುದು ಉಚ್ಚಂಗಪ್ಪನಿಗೆ ಕಾಣಿಸಿತು. ಉಚ್ಚಂಗಪ್ಪನೇ ಜಗಲಿಯ ಕೆಳಗೆ ಚಪ್ಪಲಿ ಬಿಟ್ಟು, ಮೇಲೆ ಹತ್ತದೆ, ಅಂಗಳದಲ್ಲೇ ನಿಂತು ಹೇಳಿದ. ಎಲ್ಲವನ್ನೂ ಹೇಳಿದ: ಆ ಹರಳು ಈ ಹರಳಲ್ಲ ಎಂದು, ಧರ್ಮಪ್ಪ ಹುಡುಕಿದ್ದು ಕಲ್ಲುಸಕ್ಕರೆಯ ಹಾಗೆ ಹೊಳೆಯುವ ಹರಳೆಂದು, ಸಿಕ್ಕಿದ ಹರಳೂ ಆ ಹರಳಾಗಿರಲಿಲ್ಲವೆಂದು, ಅದು ತಾನು ಹಾಕಿದ ಉಪ್ಪೆಂದು, ಅದನ್ನು ನಂಬಿ ನಿಜವಾದ ಮದ್ದು ಚರಂಡಿಗೆ ಹೋಯಿತೆಂದು. ಒಂದು ಶ್ಲೇಷೆಯೂ ಇಲ್ಲದೆ ಅವನು ಅಷ್ಟು ಹೊತ್ತು ಮಾತಾಡಿದ್ದು ಜೀವಮಾನದಲ್ಲಿ ಅದೇ ಮೊದಲು.

ಕಲ್ಲಪ್ಪ ಅಡಕತ್ತರಿ ಹಿಡಿದು ಎದ್ದು ನಿಂತ. "ಎಂತ ಉಪ್ಪು?" ಎಂದ.

"ಭೇದಿ ಉಪ್ಪು."

ಕಲ್ಲಪ್ಪನ ದವಡೆ ಬಿಗಿಯುವುದನ್ನು ನೋಡುತ್ತ ಉಚ್ಚಂಗಪ್ಪ ಏಟಿಗೆ ಕಾದ. ಬಂದರೆ ಒಳ್ಳೆಯದಿತ್ತು.

ಹೂವಮ್ಮ ತಮ್ಮನ ಮುಖ ನೋಡಿದಳು. ಎಣ್ಣೆ ಇಳಿಯುವ ಕಣ್ಣು ಒರೆಸಿಕೊಂಡಳು. ತಮ್ಮ ಅಳುವ ಮುಂಚೆ ಏನಾದರೂ ಹೇಳಿ ಅದನ್ನು ತಪ್ಪಿಸುವುದು ಅವಳಿಗೆ ಅವನನ್ನು ಸೊಂಟದ ಮೇಲೆ ಹೊತ್ತ ದಿನಗಳಿಂದ ಅಭ್ಯಾಸ.

"ಅಲ್ಲ ತಮಾ," ಎಂದಳು. "ನಿಂಗೆ ಸಿಕ್ಕಿದ್ದು ಭೇದಿ ಉಪ್ಪು. ನಂಗೆ ಸಿಕ್ಕಿದ್ದು ಹರಳೆಣ್ಣೆ. ಎರಡೂ ಒಂದೇ ಕೆಲ್ಸಕ್ಕಲ್ಲನ ಕೊಡೋದು! ಅಕ್ಕ ತಮ್ಮ ಇಬ್ರಿಗೂ ದೇವ್ರು ಚೊಂಬು ಕೊಟ್ಟು ಕಳಿಸ್ದ!"

ಮೊದಲು ನಕ್ಕವನು ಕಲ್ಲಪ್ಪ, ಮೂಗಿನಿಂದ, ತಡೆಯಲಾಗದೆ. ಆಮೇಲೆ ಧರ್ಮಪ್ಪನ ಹಾರ್ಮೋನಿಯಂ, ಅರ್ಧ ಅಳುವಿನ ಗಾಳಿ ತುಂಬಿಕೊಂಡು. ಅಂಗಳದಲ್ಲಿ ನಿಂತ ಉಚ್ಚಂಗಪ್ಪನೂ ಕಣ್ಣಲ್ಲಿ ನೀರಿಟ್ಟುಕೊಂಡು ನಕ್ಕ. ಆರು ತಿಂಗಳಿಂದ ತಾನು ಹುಡುಕುತ್ತಿದ್ದ ನಗು ಇದೇ ಅನ್ನಿಸಿತು. ಹೂವಮ್ಮನೂ ನಕ್ಕಳು. "ಅಕ್ಕಾರೇ, ತಪ್ಪಾಯ್ತು," ಎಂದ ಅವನು ನಗುವಿನ ನಡುವೆ. ಅವಳು ಕೈ ಬೀಸಿ ನಕ್ಕಳು.

ಕಲ್ಲಪ್ಪನ ನಗು ಮೊದಲು ನಿಂತಿತು. ಅವನು ಅಡಕತ್ತರಿಯನ್ನು ದೂರ ಇಟ್ಟ. ಎಣ್ಣೆಯ ಗಿಂಡಿಯನ್ನು ಸರಿಸಿದ. ಜಗಲಿಯ ಮೂಲೆಯಲ್ಲಿ ನೀರು ಕಾಯುತ್ತಿದ್ದ ಒಲೆಯಿಂದ ಉರಿಯುವ ಕೊಳ್ಳಿ ಎಳೆದು ಅಂಗಳಕ್ಕೆ ಎಸೆದ. ಧರ್ಮಪ್ಪನ ಹಾರ್ಮೋನಿಯಂ ಅದನ್ನು ನೋಡಿ ನಿಂತಿತು. ಅವನು ಎರಡು ಹೆಜ್ಜೆಗೆ ಜಗಲಿ ಹತ್ತಿ ಅಕ್ಕನ ಹಿಂದೆ ಕೂತು, ಎಣ್ಣೆಯಿಂದ ಜಾರುವ ಅವಳ ತಲೆಯ ಹಿಂದೆ ಎರಡೂ ಅಂಗೈ ಹಿಡಿದ. ಕಲ್ಲಪ್ಪ ಗೂಟದಿಂದ ಬೀಗದ ಕೈ ಗೊಂಚಲು ತೆಗೆದುಕೊಂಡ.

ಉಚ್ಚಂಗಪ್ಪನ ಬಾಯಿ ಇನ್ನೂ ನಗುವಿನ ಆಕಾರದಲ್ಲೇ ಇತ್ತು. ಒಳಗಿನಿಂದ ಯಾವ ಧ್ವನಿಯೂ ಬರುತ್ತಿರಲಿಲ್ಲ.

ಹೂವಮ್ಮ ಮಾತ್ರ ನಗುತ್ತಿದ್ದಳು. ಎಲ್ಲರಿಗಿಂತ ಜೋರಾಗಿ, ಬೀದಿಯ ಆ ತುದಿಗೂ ಕೇಳುವ ಹಾಗೆ, ನಿಲ್ಲಿಸದೆ ನಗುತ್ತಿದ್ದಳು.